‘ರನ್’ ಅಂದ್ರೆ ಬರೀ ಓಡೋದಲ್ಲ

ಹೋಂಸ್ಟೇ ನಡೆಸೋರಿಗೆ, ಮಕ್ಕಳಿಗೆ ಇಂಗ್ಲಿಷ್ ಹೇಳ್ಕೊಡೋರಿಗೆ ಒಂದು ಸಲಹೆ. ರನ್ ಅಂದ್ರೆ ಓಡು ಅಂತ ಬಾಯಿಪಾಠ ಮಾಡಿಸ್ಬೇಡಿ, ಪಕ್ಕದ ಪದ ನೋಡೋಕೆ ಕಲಿಸಿ. ಮೊನ್ನೆ ಮಡಿಕೇರಿಲಿ ನಮ್ಮನೆಗೆ ಬಂದಿದ್ದ ಗೆಸ್ಟ್ ಒಬ್ರು ‘ವಿ ಹ್ಯಾವ್ ರನ್ ಔಟ್ ಆಫ್ ಹಾಟ್ ವಾಟರ್’ ಅಂದ್ರು, ಕೆಲಸದ ಹುಡುಗ ರನ್, ಔಟ್ ಎರಡೇ ಕೇಳಿಸ್ಕೊಂಡು ಹಾವು ಬಂತೇನೋ ಅಂತ ದೊಣ್ಣೆ ಹಿಡ್ಕೊಂಡು ಹೋದ, ಪಾಪ, ಖಾಲಿಯಾಗಿದ್ದು ಬಿಸಿನೀರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಮಷೀನು, ಅಂದ್ರೆ ಪಲ್ಪರ್, ರನ್ ಮಾಡೋದು ಅಂದ್ರೆ ಚಾಲೂ ಮಾಡೋದು, ತೋಟ ರನ್ ಮಾಡೋದು ಅಂದ್ರೆ ನೋಡ್ಕೊಳ್ಳೋದು, ಮೂಗು ರನ್ ಆದ್ರೆ ಸೋರೋದು. ಎಲೆಕ್ಷನ್‌ಗೆ ಅಮೆರಿಕದವರು ರನ್ ಅಂತಾರೆ, ಬ್ರಿಟನ್‌ನಲ್ಲಿ ಸ್ಟ್ಯಾಂಡ್, ನಾವೂ ನಿಲ್ಲೋದೇ ಅಲ್ವಾ. ಮಕ್ಕಳಿಗೆ ಮೊದಲು ನಮ್ಮ ‘ಹಿಡಿ’ ತೋರ್ಸಿ: ಮಳೆ ಹಿಡೀತು, ಬಸ್ ಹಿಡಿದ, ನೆಗಡಿ ಹಿಡೀತು. ಆಮೇಲೆ ರನ್ ತಾನಾಗೇ ತಲೆಗೆ ಹೋಗುತ್ತೆ.