ಆಸ್ಪತ್ರೆಯಿಂದ ಮನೆಗೆ ಹೊರಡುವ ಮುಂಚೆ: ಹೊರದೇಶಕ್ಕೆ ಹೊಸದಾಗಿ ಬಂದವರಿಗೆ

ಆಪರೇಶನ್ ಆದಮೇಲೆ ಇಲ್ಲಿನ ಆಸ್ಪತ್ರೆಗಳಲ್ಲಿ ಪೂರ್ತಿ ವಾಸಿಯಾಗುವ ತನಕ ಇಟ್ಟುಕೊಳ್ಳುತ್ತಾರೆ ಅಂದುಕೊಂಡು ಬರಬೇಡಿ. ಎದ್ದು ಬಾತ್‌ರೂಮಿಗೆ ಹೋಗಿ ಬರುವಂತಾದರೆ, ನೋವು ಮಾತ್ರೆಯಲ್ಲೇ ಹತೋಟಿಗೆ ಬಂದರೆ, ಮನೆಗೆ ಹೊರಡಿ ಅಂತಾರೆ. ಗಾಯ ಇನ್ನೂ ಹಸಿಯಾಗೇ ಇರುತ್ತದೆ. ಅಲ್ಲಿಂದಾಚೆಗೆ ನರ್ಸ್ ಮಾಡುತ್ತಿದ್ದ ಕೆಲಸವೆಲ್ಲ ಮನೆಯವರ ತಲೆಮೇಲೆ. ಮನೆಯವರು ಅಂದರೆ ನಮ್ಮಲ್ಲಿ ಅನೇಕರಿಗೆ ಒಬ್ಬರೇ: ಗಂಡನೋ, ಹೆಂಡತಿಯೋ, ರೂಮ್‌ಮೇಟೋ. ಆ ಕೆಲಸವನ್ನು ವಾರ್ಡಿನಲ್ಲಿ ಇರುವಾಗಲೇ ಕಲಿತುಕೊಳ್ಳಬೇಕು.

ಹೊರಡುವ ದಿನ ಬೆಳಿಗ್ಗೆ ಕೇಳೋಣ ಅಂತ ಕಾದು ಕೂರಬೇಡಿ. ಆ ಹೊತ್ತಿಗೆ ಅವರಿಗೂ ಅವಸರ, ನಿಮಗೂ ಮನೆ ಸೇರುವ ಧಾವಂತ. ಹಿಂದಿನ ದಿನವೇ ಕೇಳಿ. ಭಾಷೆ ತೊಡಕಾದರೆ ದುಭಾಷಿ ಬೇಕು ಅನ್ನಿ. ಅನೇಕ ಆಸ್ಪತ್ರೆಗಳಲ್ಲಿ ಫೋನಿನಲ್ಲೇ ಸಿಗುತ್ತಾರೆ. ಮಕ್ಕಳ ಕೈಲಿ ಅನುವಾದ ಮಾಡಿಸುವುದು ನನಗಂತೂ ಸರಿಕಾಣುವುದಿಲ್ಲ. ಡಾಕ್ಟರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಬರುವ ಬದಲು, "ನನಗೆ ಅರ್ಥವಾದದ್ದು ಹೀಗೆ, ಸರಿನಾ?" ಅಂತ ಅವರಿಗೇ ತಿರುಗಿ ಒಪ್ಪಿಸಿ. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಮನೆಗೆ ಕಳಿಸುವಾಗ ಕೊಡುವ ಚಿಕಿತ್ಸೆಯ ವಿವರದ ಕಾಗದ, ಅಂದರೆ ಡಿಸ್ಚಾರ್ಜ್ ಸಮ್ಮರಿಯಲ್ಲಿ ಎಲ್ಲಕ್ಕಿಂತ ಮೊದಲು ಔಷಧಿಯ ಪಟ್ಟಿ ನೋಡಿ. ಯಾವುದು ಹೊಸದು, ಯಾವುದನ್ನು ನಿಲ್ಲಿಸಿದ್ದಾರೆ, ಯಾವುದರ ಡೋಸ್ ಬದಲಾಗಿದೆ? ಮೊದಲಿಂದ ತಗೊಳ್ಳುತ್ತಿದ್ದ ಬಿಪಿ, ಶುಗರ್ ಮಾತ್ರೆ ಮುಂದುವರಿಸಬೇಕೇ? ಆಪರೇಶನ್‌ಗೆಂದು ನಿಲ್ಲಿಸಿದ್ದ ರಕ್ತ ತೆಳುವಾಗಿಸುವ ಮಾತ್ರೆಯನ್ನು ಯಾವತ್ತಿನಿಂದ ಶುರುಮಾಡಬೇಕು? ಊರಿಂದ ಸೂಟ್‌ಕೇಸಿನಲ್ಲಿ ತಂದ ಮಾತ್ರೆಗಳನ್ನೂ ಫಾರ್ಮಸಿಸ್ಟಿಗೆ ತೋರಿಸಿ, ಯಾಕೆಂದರೆ ಎಡವಟ್ಟಾಗುವುದು ಅಲ್ಲೇ. ಪ್ಯಾರಾಸಿಟಮಾಲ್‌ಗೆ ಅಮೆರಿಕ, ಕೆನಡಾಗಳಲ್ಲಿ ಅಸೆಟಮಿನೊಫೆನ್ ಅನ್ನುತ್ತಾರೆ. ಆಸ್ಪತ್ರೆ ಕೊಟ್ಟ ನೋವಿನ ಮಾತ್ರೆಯಲ್ಲಿ ಅದು ಬೆರೆತಿರಬಹುದು. ನಿಮ್ಮ ಡೋಲೋ, ಕ್ರೋಸಿನ್ ಕೂಡ ಅದೇ. ಎಷ್ಟೋ ನೆಗಡಿ ಮಾತ್ರೆಗಳಲ್ಲೂ ಅದೇ. ವಯಸ್ಕರಿಗೆ 24 ಗಂಟೆಯಲ್ಲಿ ಎಲ್ಲ ಸೇರಿ 4 ಗ್ರಾಂ ದಾಟಬಾರದು. ತೂಕ ಕಡಿಮೆಯಿರುವವರಿಗೆ, ಲಿವರ್ ತೊಂದರೆಯಿರುವವರಿಗೆ ಮಿತಿ ಇನ್ನೂ ಕಡಿಮೆ. ಮೀರಿದರೆ ಪೆಟ್ಟು ಬೀಳುವುದು ಲಿವರ್‌ಗೆ, ಅದೂ ಮೊದಲ ದಿನ ಏನೂ ಗೊತ್ತಾಗದೆ ಇರಬಹುದು.

ಕೊಡೀನ್, ಟ್ರಮಡಾಲ್‌ನಂಥ ಜೋರು ನೋವಿನ ಮಾತ್ರೆ ಕೊಟ್ಟಿದ್ದರೆ ಮಲಬದ್ಧತೆ ಆಗುವ ಸಂಭವ ಹೆಚ್ಚು. ಹೊಲಿಗೆ ಹಾಕಿಸಿಕೊಂಡ ಹೊಟ್ಟೆಯಲ್ಲಿ ತಿಣುಕುವುದು ಎಂಥ ಹಿಂಸೆ ಅಂತ ಅನುಭವಿಸಿದವರಿಗೇ ಗೊತ್ತು. ಅದಕ್ಕೂ ಔಷಧಿ ಬೇಕಾ ಅಂತ ಅಲ್ಲೇ ಕೇಳಿ, ನಾಚಿಕೆ ಬೇಡ.

ಹೊಟ್ಟೆಯ ಆಪರೇಶನ್ ಆದವರು ಅಂಗಾತ ಮಲಗಿದಲ್ಲಿಂದ ನೆಟ್ಟಗೆ ಏಳಬಾರದು. ಮಂಡಿ ಮಡಚಿ, ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಮಂಚದ ಕೆಳಕ್ಕೆ ಇಳಿಬಿಟ್ಟು, ಮೊಣಕೈ ಊರಿ ಎದ್ದು ಕೂರಿ. ಕೂತಲ್ಲೇ ಸ್ವಲ್ಪ ಸುಧಾರಿಸಿಕೊಂಡು ಆಮೇಲೆ ನಿಲ್ಲಿ. ಕೆಮ್ಮು ಬಂದರೆ ಗಾಯದ ಮೇಲೆ ದಿಂಬು ಅವುಚಿ ಹಿಡಿದು ಕೆಮ್ಮಿ. ಕಾಲಿನ ಆಪರೇಶನ್ ಆದವರಿಗೆ ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಮನೆಯಲ್ಲಿ ಎಷ್ಟು ಮೆಟ್ಟಿಲಿವೆ, ಕಂಬಿ ಯಾವ ಪಕ್ಕ ಅಂತ ಫಿಸಿಯೋಥೆರಪಿಸ್ಟಿಗೆ ಹೇಳಿ, ಅವರ ಎದುರಿಗೇ ಹತ್ತಿಳಿದು ಅಭ್ಯಾಸ ಮಾಡಿ.

ರೆಸ್ಟ್ ಅಂತ ದಿನವಿಡೀ ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಡಾಕ್ಟರು ಬೇಡವೆಂದಿಲ್ಲದಿದ್ದರೆ ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಿ. ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಗೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಕೊಟ್ಟು ಕಳಿಸುವುದಾದರೆ ಮೊದಲನೆಯದನ್ನು ನರ್ಸ್ ಎದುರಲ್ಲಿ ನೀವೇ ಹಾಕಿಕೊಂಡು ನೋಡಿ, ಬಳಸಿದ ಸೂಜಿ ಹಾಕುವ ಡಬ್ಬಿಯನ್ನೂ ಕೇಳಿ ತನ್ನಿ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಇದ್ದಕ್ಕಿದ್ದಂತೆ ಏದುಸಿರು, ಎದೆನೋವು ಬಂದರೆ ಸ್ನೇಹಿತರಿಗೆ ಫೋನ್ ಮಾಡುತ್ತಾ ಕೂರದೆ ಆಂಬುಲೆನ್ಸ್ ಕರೆಯಿರಿ: ಅಮೆರಿಕ, ಕೆನಡಾಗಳಲ್ಲಿ 911, ಬ್ರಿಟನ್ನಿನಲ್ಲಿ 999, ಯುರೋಪ್ ಒಕ್ಕೂಟದಲ್ಲಿ 112, ಆಸ್ಟ್ರೇಲಿಯಾದಲ್ಲಿ 000. ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಕೀವು ಬಂದರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಆಸ್ಪತ್ರೆಗೆ ಫೋನ್ ಮಾಡಿ. ರಾತ್ರಿ ಹೊತ್ತು, ರಜಾದಿನ ಯಾವ ನಂಬರ್ ಅಂತ ಮೊದಲೇ ಬರೆಸಿಕೊಂಡಿರಿ.

ಒಂಟಿಯಾಗಿರುವವರು ಗಮನಿಸಿ: ಪೂರ್ತಿ ಪ್ರಜ್ಞೆ ತಪ್ಪಿಸುವ ಅನಸ್ತೇಶಿಯಾ ಕೊಟ್ಟ ಮೇಲೆ ಮೊದಲ 24 ಗಂಟೆ ದೊಡ್ಡವರೊಬ್ಬರು ಜೊತೆಗಿರಬೇಕು, ಡ್ರೈವಿಂಗ್ ಕೂಡದು. ನಮ್ಮವರನ್ನು ಕೇಳಿ, ಯಾರಾದರೂ ಬರುತ್ತಾರೆ. "ಏನಾದರೂ ಬೇಕಿದ್ದರೆ ಹೇಳಿ" ಅನ್ನುವವರಿಗೆ ನೇರವಾಗಿ ಕೆಲಸ ಒಪ್ಪಿಸಿ: ಒಬ್ಬರಿಗೆ ಮಕ್ಕಳನ್ನು ಶಾಲೆಗೆ ಬಿಡುವುದು, ಇನ್ನೊಬ್ಬರಿಗೆ ಔಷಧಿ ತರುವುದು. ಆಫೀಸಿಗೆ ಬೇಕಾದ ರಜೆಯ ಸರ್ಟಿಫಿಕೇಟ್, ಇನ್ಶೂರೆನ್ಸಿನ ಕಾಗದಗಳನ್ನು ವಾರ್ಡಿನಿಂದಲೇ ಪಡೆಯಿರಿ. ಊರಿಗೆ ಹೋಗಿ ಸುಧಾರಿಸಿಕೊಳ್ಳೋಣ ಅನ್ನಿಸಿದರೆ ಟಿಕೆಟ್ ತೆಗೆಯುವ ಮುಂಚೆ ಸರ್ಜನ್ನರನ್ನು ಕೇಳಿ.

ಬಯಾಪ್ಸಿಯೋ, ರಕ್ತಪರೀಕ್ಷೆಯೋ ವರದಿ ಬಾಕಿಯಿದ್ದರೆ ಯಾವತ್ತು ಬರುತ್ತದೆ, ಯಾರು ತಿಳಿಸುತ್ತಾರೆ ಅಂತ ಕೇಳಿ ಸಮ್ಮರಿಯ ಮೇಲೇ ಬರೆದಿಟ್ಟುಕೊಳ್ಳಿ. ಫೋನ್ ಬರಲಿಲ್ಲ, ಹಾಗಾದರೆ ಎಲ್ಲ ಸರಿಯಿರಬೇಕು ಅಂತ ಸುಮ್ಮನಾಗಬೇಡಿ. ಹೇಳಿದ ದಿನ ದಾಟಿದರೆ ಮಾರನೆಯ ಬೆಳಿಗ್ಗೆ ನೀವೇ ಮಾಡಿ.