ಅಂಗಡಿ ಹೆಸರು ಬದಲಾಯಿಸಿದ್ದು: ಯಾವುದು ಮೊದಲು, ಯಾವುದು ಆಮೇಲೆ

ಬಾಗಲಕೋಟೆ ನವನಗರದಲ್ಲಿ ನಮ್ಮದೊಂದು ಸಣ್ಣ ವ್ಯಾಪಾರ. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಪ್ಯಾಕೆಟ್ ಹಾಕಿ ಮಾರುತ್ತೇವೆ. ಎಲ್ಲರ ಹಾಗೆ ನಾವೂ ದೇವರ ಹೆಸರಿಗೆ 'ಟ್ರೇಡರ್ಸ್' ಹಚ್ಚಿ ಶುರು ಮಾಡಿದ್ದೆವು. ಅದೇ ಹೆಸರಲ್ಲಿ ಊರಲ್ಲೇ ಸಿಮೆಂಟ್ ಅಂಗಡಿ ಇದೆ, ಗೊಬ್ಬರದ ಅಂಗಡಿಯೂ ಇದೆ. ಹುಬ್ಬಳ್ಳಿ, ಪುಣೆ ಕಡೆಯಿಂದ ಆರ್ಡರ್ ಬರತೊಡಗಿದ ಮೇಲೆ ಚಟ್ನಿ ಕೇಳಿ ಸಿಮೆಂಟ್ ಅಂಗಡಿಗೆ ಫೋನ್ ಹೋಗೋದು ಜಾಸ್ತಿ ಆಯ್ತು. ಹೆಸರು ಬದಲಾಯಿಸಲೇಬೇಕಾಯ್ತು.

ಗೆಜೆಟ್ ಆಗಬೇಕು, ಪೇಪರ್‌ನಲ್ಲಿ ಜಾಹೀರಾತು ಬೇಕು ಅಂತ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಒಬ್ಬರೇ ಮಾಲೀಕರಿರುವ ಅಂಗಡಿಗೆ ಅದ್ಯಾವುದೂ ಬೇಡ. ಕಾನೂನಿನ ಲೆಕ್ಕದಲ್ಲಿ ನಾನೂ ನನ್ನ ಅಂಗಡಿಯೂ ಒಂದೇ, ಪ್ಯಾನ್ ಕಾರ್ಡ್ ನನ್ನ ಹೆಸರಲ್ಲೇ ಇದೆ, ಹಾಗಾಗಿ ಅದನ್ನು ಮುಟ್ಟೋದೇ ಬೇಡ. ಆದರೆ ಒಂದು ಆಫೀಸಿಗೆ ಹೋದರೆ ಎಲ್ಲಾ ಕಡೆ ಹೆಸರು ಬದಲಾಗುತ್ತೆ ಅನ್ನೋ ವ್ಯವಸ್ಥೆಯೂ ಇಲ್ಲ. ಒಂದೊಂದೇ ಲೈಸೆನ್ಸ್‌ನಲ್ಲಿ ಬದಲಾಯಿಸುತ್ತಾ ಹೋಗಬೇಕು. ಪಾರ್ಟ್ನರ್‌ಶಿಪ್ ಆದರೆ ರಿಜಿಸ್ಟ್ರಾರ್ ಆಫ್ ಫರ್ಮ್ಸ್ ಹತ್ತಿರ ಹೋಗಬೇಕು, ಕಂಪನಿ ಆದರೆ ಷೇರುದಾರರ ಸಭೆಯಲ್ಲಿ ವಿಶೇಷ ನಿರ್ಣಯ ಪಾಸ್ ಮಾಡಬೇಕು. ಅದು ಬೇರೆ ಕಥೆ.

ನಾನು ಜಿಎಸ್‌ಟಿಯಿಂದ ಶುರು ಮಾಡಿದೆ, ಯಾಕೆಂದರೆ ಮುಂದಿನವರೆಲ್ಲ ಕೇಳೋದು ಅದೇ ಸರ್ಟಿಫಿಕೇಟ್. ಪೋರ್ಟಲ್‌ನಲ್ಲಿ ಕೋರ್ ಫೀಲ್ಡ್ಸ್ ಅಮೆಂಡ್‌ಮೆಂಟ್ ಅಂತ ಇದೆ, ಅಂದರೆ ನೋಂದಣಿಯ ಮುಖ್ಯ ವಿವರಗಳ ತಿದ್ದುಪಡಿ. ತೆರೆದರೆ ಎರಡು ಹೆಸರು ಕಾಣುತ್ತವೆ. ಲೀಗಲ್ ನೇಮ್ ಜಾಗದಲ್ಲಿ ಪ್ಯಾನ್‌ನಲ್ಲಿರುವ ನನ್ನ ಹೆಸರು, ಅದನ್ನು ಹಾಗೇ ಬಿಡಬೇಕು. ಬದಲಾಯಿಸಬೇಕಾದ್ದು ಟ್ರೇಡ್ ನೇಮ್, ಅಂದರೆ ಅಂಗಡಿ ಹೆಸರು ಮಾತ್ರ. ಬದಲಾವಣೆ ಯಾವತ್ತಿಂದ ಅಂತ ತಾರೀಖು ಕೇಳುತ್ತೆ, ಆ ತಾರೀಖಿನಿಂದ 15 ದಿನದೊಳಗೆ ಅರ್ಜಿ ಹಾಕಬೇಕು. ಕಾರಣ ಬರೆದ ಒಂದು ಪತ್ರ, ಹೊಸ ಬೋರ್ಡಿನ ಫೋಟೋ ಹಚ್ಚಿದೆ. ಓಟಿಪಿ ಹಾಕಿದರೆ ಅರ್ಜಿ ಹೋಯ್ತು. ಅಧಿಕಾರಿಗೆ ಏನಾದರೂ ಅನುಮಾನ ಬಂದರೆ ನೋಟಿಸ್ ಬರುತ್ತೆ, 7 ಕೆಲಸದ ದಿನದೊಳಗೆ ಉತ್ತರ ಕೊಡಬೇಕು, ಹಾಗಾಗಿ ದಿನಾ ಒಮ್ಮೆ ಲಾಗಿನ್ ಆಗಿ ನೋಡಿ. ಜಿಎಸ್‌ಟಿ ನಂಬರ್ ಬದಲಾಗೋದಿಲ್ಲ. ಒಂದು ಮಾತು: ಅಪ್ಪನ ಅಂಗಡಿ ಮಗನ ಹೆಸರಿಗೆ ಆಗಬೇಕಿದ್ದರೆ ಈ ದಾರಿ ನಡೆಯೋದಿಲ್ಲ, ಪ್ಯಾನ್ ಬೇರೆ ಅಲ್ವಾ, ಹೊಸ ರಿಜಿಸ್ಟ್ರೇಷನ್ನೇ ಮಾಡಿಸಬೇಕು.

ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ಸರ್ಟಿಫಿಕೇಟ್ ಮನೆಯಲ್ಲೇ ಕೂತು ತಿದ್ದಿದೆ. ಪುಕ್ಕಟೆ, ಯಾರಿಗೂ ದುಡ್ಡು ಕೊಡಬೇಡಿ. ಇವೆರಡನ್ನೂ ಹಿಡಿದುಕೊಂಡು ಬ್ಯಾಂಕಿಗೆ ಹೋದೆ, ಕರೆಂಟ್ ಅಕೌಂಟಿಗೆ ಸಾಮಾನ್ಯವಾಗಿ ಅಂಗಡಿ ಹೆಸರಿನ ಎರಡು ದಾಖಲೆ ಕೇಳುತ್ತಾರೆ. ಅಕೌಂಟ್ ನಂಬರ್ ಹಳೆಯದೇ ಉಳಿಯಿತು. ಚೆಕ್ ಬುಕ್, ಕ್ಯೂಆರ್ ಕೋಡ್ ಮಾತ್ರ ಹೊಸದು. ನಗರಸಭೆಯ ಟ್ರೇಡ್ ಲೈಸೆನ್ಸ್, ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿ ಆಮೇಲೆ ಮಾಡಿಸಿದೆ. ಬೋರ್ಡ್ ಬರೆಸುವಾಗ ಶೇಕಡ 60 ಭಾಗ ಕನ್ನಡ ಇರಬೇಕು ಅನ್ನೋದು ನೆನಪಿರಲಿ.

ನಿಜವಾದ ತಲೆನೋವು ಪ್ಯಾಕೆಟ್‌ಗಳದ್ದು. ಹಳೆ ಹೆಸರು ಅಚ್ಚಾದ ಕವರ್ ಮೂಟೆಗಟ್ಟಲೆ ಇದ್ದವು. ಹೊಸ ಹೆಸರಿನ ಸ್ಟಿಕ್ಕರ್ ಹೊಡೆದುಬಿಡಿ ಅಂತ ಪ್ರಿಂಟಿಂಗ್‌ನವರು ಸಲಹೆ ಕೊಟ್ಟರು. ತಯಾರಕರ ಹೆಸರು, ವಿಳಾಸ ಪ್ಯಾಕೆಟ್ ಮೇಲೆ ಕಡ್ಡಾಯ ಇರುವ ವಿವರ, ಅದನ್ನು ಸ್ಟಿಕ್ಕರ್ ಅಂಟಿಸಿ ತಿದ್ದೋಕೆ ತೂಕ-ಅಳತೆ ನಿಯಮ ಒಪ್ಪೋದಿಲ್ಲ. ಅದಕ್ಕೇ ಜಿಎಸ್‌ಟಿಗೆ ಕೈ ಹಾಕುವ ಮೊದಲೇ ಹಳೆ ಕವರ್ ಖಾಲಿ ಮಾಡುತ್ತಾ ಬಂದೆ. ಬನಶಂಕರಿ ಜಾತ್ರೆ ವ್ಯಾಪಾರದಲ್ಲಿ ಬಹುಪಾಲು ಖರ್ಚಾದವು. ಆಹಾರ ಸುರಕ್ಷತಾ ಪ್ರಾಧಿಕಾರದ ಪೋರ್ಟಲ್ ಫಾಸ್ಕಾಸ್‌ನಲ್ಲಿ ಆಹಾರ ಲೈಸೆನ್ಸ್‌ನ ಹೆಸರು ಬದಲಾಗಿ ಬಂದ ಮೇಲೇ ಹೊಸ ಕವರ್ ಅಚ್ಚಿಗೆ ಕೊಟ್ಟೆ.

ಇಷ್ಟಾದರೂ ಹೊಸ ಹೆಸರು ನಮ್ಮದೇ ಅಂತ ಆಗೋದಿಲ್ಲ. ಜಿಎಸ್‌ಟಿಯವರು ಇದೇ ಹೆಸರು ಬೇರೆಯವರಿಗಿದೆಯಾ ಅಂತ ನೋಡಿ ಕೊಡೋದಿಲ್ಲ. ಅದಕ್ಕೆ ಟ್ರೇಡ್‌ಮಾರ್ಕ್, ಅಂದರೆ ಹೆಸರಿನ ಮೇಲಿನ ಹಕ್ಕಿನ ನೋಂದಣಿ ಬೇಕು. ಹೆಸರು ಗಟ್ಟಿ ಮಾಡುವ ಮೊದಲೇ ಟ್ರೇಡ್‌ಮಾರ್ಕ್ ಕಚೇರಿಯ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಹುಡುಕಿ ನೋಡಿದ್ದೆ. ಮಸಾಲೆ, ರೊಟ್ಟಿ ಎಲ್ಲಾ 30ನೇ ಕ್ಲಾಸ್‌ಗೆ (ಸರಕಿನ ವರ್ಗಕ್ಕೆ) ಬರುತ್ತವೆ, ಆನ್‌ಲೈನ್‌ನಲ್ಲಿ ನಮ್ಮಂಥವರಿಗೆ ಒಂದು ಕ್ಲಾಸ್‌ಗೆ 4,500 ರೂಪಾಯಿ. ಅರ್ಜಿ ಹಾಕಿದ್ದೇನೆ, ಇನ್ನೂ ನಡೀತಾ ಇದೆ. ಸದ್ಯಕ್ಕೆ ಕವರ್ ಮೇಲೆ 'ಟಿಎಂ' ಅಂತ ಹಾಕಿದ್ದೇವೆ. ವೃತ್ತದೊಳಗಿನ 'ಆರ್' ಗುರುತು ನೋಂದಣಿ ಆಗುವವರೆಗೆ ಹಾಕುವಂತಿಲ್ಲ.