ಗೋಡೆಗೆ ಗೂಟ, ನೆಲಕ್ಕೆ ಬಿಡುವು

ಶೇಕರ್ ಅನ್ನುವುದು ಅಮೆರಿಕದ ಒಂದು ಕ್ರೈಸ್ತ ಪಂಥ, ಅವರ ಸರಳ ಮರಗೆಲಸವೇ ಶೇಕರ್ ಶೈಲಿ. ಆ ಹೆಸರು ಅಂದ ಕೂಡಲೇ ಎಲ್ಲರೂ ಅಡುಗೆಮನೆ ಕಪಾಟಿನ ಬಾಗಿಲ ಮಾತೆತ್ತುತ್ತಾರೆ. ನಾನು ಶುರು ಮಾಡಿದ್ದು ಗೂಟದಿಂದ.

ನಾವಿರುವುದು ಮ್ಯಾಸಚೂಸೆಟ್ಸ್‌ನಲ್ಲಿ. ಪಿಟ್ಸ್‌ಫೀಲ್ಡ್‌ನ ಹ್ಯಾಂಕಾಕ್ ಶೇಕರ್ ವಿಲೇಜ್ ಈಗ ಮ್ಯೂಸಿಯಂ. ಅಲ್ಲಿ 1830ರ ಇಟ್ಟಿಗೆ ಕಟ್ಟಡವೊಂದಿದೆ. ನೂರರಷ್ಟು ಜನ ಒಟ್ಟಿಗೆ ಬಾಳಿದ ಮನೆ ಅದು. 1774ರಲ್ಲಿ ಇಂಗ್ಲೆಂಡ್‌ನಿಂದ ಬಂದ ಆನ್ ಲೀ ಅವರ ಪಂಥದವರೇ ಈ ಶೇಕರ್‌ಗಳು. ಮದುವೆಯಿಲ್ಲ, ಸ್ವಂತ ಆಸ್ತಿಯಿಲ್ಲ. ಚೊಕ್ಕಟವಾಗಿರುವುದೂ ಇವರಿಗೆ ಭಕ್ತಿಯೇ. ಕೋಣೆಯ ಸುತ್ತ ಗೋಡೆಗೆ ಮರದ ಪಟ್ಟಿ, ಅದರ ತುಂಬ ಗೂಟ. ಟೋಪಿ, ಪೊರಕೆ, ಕೊನೆಗೆ ಕುರ್ಚಿಯೂ ಅದಕ್ಕೇ. ಕುರ್ಚಿಯನ್ನು ತಲೆಕೆಳಗಾಗಿ ನೇತುಹಾಕಿದರೆ ಕೂರುವ ಜಾಗದಲ್ಲಿ ದೂಳು ಕೂರಲ್ಲ, ಗುಡಿಸುವವರಿಗೆ ನೆಲ ಪೂರ್ತಿ ಖಾಲಿ. ಒಪ್ಪ ಅಂದರೆ ಇಷ್ಟೇ ಅಲ್ವಾ?

ಮುಂಬಾಗಿಲ ಹಜಾರಕ್ಕೆ ನಾನೇ ಮಾಡಿದೆ. ಮೂರೂವರೆ ಇಂಚು ಅಗಲದ ಪಾಪ್ಲರ್ ಪಟ್ಟಿ, ಅಂಗಡಿಯಲ್ಲಿ ಸಿಗುವ ಮೇಪಲ್ ಗೂಟ. ಇಲ್ಲಿನ ಗೋಡೆಯೊಳಗೆ ಸಾಮಾನ್ಯವಾಗಿ 16 ಇಂಚಿಗೊಂದು ಮರದ ಸ್ಟಡ್, ಅಂದರೆ ನಿಲುಗಂಬ, ಇರುತ್ತದೆ. ಸ್ಕ್ರೂ ಅದಕ್ಕೇ ಕಚ್ಚಬೇಕು. ಮೇಲಿನ ತೆಳು ಜಿಪ್ಸಮ್ ಹಲಗೆಗೆ, ಅಂದರೆ ಬರೀ ಡ್ರೈವಾಲ್‌ಗೆ ಹೊಡೆದರೆ ಚಳಿಗಾಲದ ಜಾಕೆಟ್ ಭಾರಕ್ಕೆ ಕಿತ್ತು ಬರುತ್ತದೆ. ಗೂಟಗಳ ನಡುವೆ 8 ಇಂಚು ಬಿಟ್ಟೆ. ಮೊದಲ ಗೂಟ ಸ್ಟಡ್‌ನಿಂದ 4 ಇಂಚು ಪಕ್ಕಕ್ಕೆ ಬಂದರೆ ಸಾಕು, ಸ್ಕ್ರೂಗಳೆಲ್ಲ ಸರಿಯಾಗಿ ಎರಡು ಗೂಟಗಳ ನಡುವೆ ಬೀಳುತ್ತವೆ. ಅರ್ಧ ಇಂಚಿನ ತೂತು, ಒಂದು ಹನಿ ಮರದ ಗೋಂದು, ಕೊಡತಿಯಿಂದ ಎರಡು ಏಟು. ಬಣ್ಣಕ್ಕೆ ಮಿಲ್ಕ್ ಪೇಂಟ್, ಹಾಲಿನ ಪ್ರೋಟೀನಿನಿಂದ ಮಾಡಿದ ಪುಡಿ ಬಣ್ಣ. ಪುಡಿಗೆ ನೀರು ಬೆರೆಸಿದ ಮೇಲೆ ಬೇಗ ಕೆಡುತ್ತದೆ, ಬೇಕಾದಷ್ಟೇ ಕಲಸಿಕೊಳ್ಳಿ. ಮಕ್ಕಳಿಗೆ ಅವರ ಎದೆಮಟ್ಟಕ್ಕೆ ಇನ್ನೊಂದು ಪಟ್ಟಿ. ನಮ್ಮ ಊಟದ ಕುರ್ಚಿಗಳು ಭಾರ, ಅವು ಗೂಟ ಹತ್ತಲ್ಲ. ಮಡಚುವ ಕುರ್ಚಿಗಳನ್ನು ಮಾತ್ರ ನೇತುಹಾಕಿದ್ದೇವೆ.

ಇನ್ನು ಕಪಾಟಿನ ಬಾಗಿಲು. ಸುತ್ತ ಚೌಕಟ್ಟು, ನಡುವೆ ಒಳಸರಿದ ಹಲಗೆ. ನೋಡೋಕೆ ಚೆಂದವೇ. ಆದರೆ ದಿನಾ ಒಗ್ಗರಣೆ ಹಾಕುವ ಮನೆಯಲ್ಲಿ ಆ ಅಂಚಿನ ಸಂದಿಗೆ ಜಿಡ್ಡು, ಅದರ ಮೇಲೆ ದೂಳು ಮೆತ್ತಿಕೊಳ್ಳುತ್ತದೆ. ಒಲೆಯ ಅಕ್ಕಪಕ್ಕ ಸಪಾಟು ಡ್ರಾಯರ್, ಮರದ ಗುಂಡು ಹಿಡಿ ಹಾಕಿಸಿದೆ. ಒಂದೇ ಸಲಕ್ಕೆ ಒರೆಸಬಹುದು. ಹಳೇ ಶೇಕರ್ ಮನೆಗಳ ಎಷ್ಟೋ ಡ್ರಾಯರ್‌ಗಳೂ ಹೀಗೇ ಸಾದಾ ಇವೆ.

ಮುಂದಿನ ಕೆಲಸ ಮೆಟ್ಟಿಲ ಕೆಳಗೆ, ಶೇಕರ್‌ಗಳಂತೆ ಗೋಡೆಯೊಳಗೇ ಕೂರುವ ಡ್ರಾಯರ್. ಮರ ತಂದಾಗಿದೆ. 20 ಪೌಂಡಿನ ಸೋನಾ ಮಸೂರಿ ಚೀಲ ಹಿಡಿಸಬೇಕು ಅಂತ ಮನೆಯವಳ ಷರತ್ತು, ಹಾಗಾಗಿ ಆಳದ ಲೆಕ್ಕ ಇನ್ನೂ ನಡೆದಿದೆ.